ಮಲ್ಸುನ್ ಅತ್ತೆಯ ಕೈ ತಪ್ಪಿದ ಏಳು ಮೀನುಗಳು

ಹನ್ಸೋಲ್‌ಗೆ ಮೂರು ವರ್ಷ ತುಂಬಿದೆ. ಇನ್ನೂ ನನ್ನನ್ನು ಅಮ್ಮ ಎಂದು ಕರೆದಿಲ್ಲ.

ಹಸಿವಾದರೆ ನನ್ನ ಬೆರಳು ಹಿಡಿದು ಅಡುಗೆಮನೆಗೆ ಎಳೆಯುತ್ತಾನೆ. ಬೇಡವಾದರೆ ತಲೆ ಕೊಡವುತ್ತಾನೆ. ಖುಷಿಯಾದರೆ "ಉಂ" ಎನ್ನುತ್ತಾನೆ. ಕಿವಿಯೇನಾದರೂ ಮಂದವೇ ಎಂದು ನಾನು ಪಕ್ಕದ ಕೋಣೆಯಲ್ಲಿ ನಿಂತು ಬಿಸ್ಕತ್ತಿನ ಪೊಟ್ಟಣ ಒಡೆದು ನೋಡಿದ್ದೇನೆ. ಆಟ ಬಿಟ್ಟು ಓಡಿಬಂದ. ಕಿವಿ ಚುರುಕಾಗಿಯೇ ಇದೆ. ಹಾಗಾದರೆ ಮತ್ತೇನು? ಬಸುರಿಯಾಗಿದ್ದಾಗ ಬಿಡದೆ ಕುಡಿದ ಕಾಫಿಯೇ? ಮೊಬೈಲ್ ತೋರಿಸಿ ಊಟ ಮಾಡಿಸಿದ್ದೇ? ಸಿಯೋಲ್ ಬಿಟ್ಟು ಗಂಡನ ಊರು ನಮ್ವೊನ್‌ಗೆ ಬಂದು ಅವನಿಗೆ ಓರಗೆಯ ಮಕ್ಕಳಿಲ್ಲದಂತೆ ಮಾಡಿದ್ದೇ? ಅಕ್ಕಿ ತೊಳೆಯುವಾಗ ಒಂದು ಕಾರಣ ಹೊಳೆಯುತ್ತದೆ, ಬಟ್ಟೆ ಒಣಹಾಕುವಾಗ ಇನ್ನೊಂದು. ಎಲ್ಲ ಕಾರಣಗಳ ಕೊನೆಯಲ್ಲೂ ನಾನೇ ನಿಂತಿರುತ್ತೇನೆ.

ಶಿಶುವಿಹಾರದ ಟೀಚರ್ ಮಳೆಗಾಲದಲ್ಲೇ ನನ್ನನ್ನು ಪಕ್ಕಕ್ಕೆ ಕರೆದು, ಜೊಂಜು ಊರಿನ ಮಕ್ಕಳ ಆಸ್ಪತ್ರೆಯ ನಂಬರ್ ಕೊಟ್ಟಿದ್ದರು. ಮಾತು ತಡವಾದ ಮಕ್ಕಳನ್ನು ಅಲ್ಲಿ ನೋಡುತ್ತಾರೆ. ನಂಬರನ್ನು ಫೋನಿನಲ್ಲಿ ಉಳಿಸಿಕೊಂಡೆ. ಗದ್ದೆಗಳ ಕೊಯ್ಲು ಮುಗಿಯಿತು, ಬೀದಿಯಲ್ಲಿ ಮೆಣಸಿನಕಾಯಿ ಒಣಗಿಸಿ ಎತ್ತಿದ್ದಾಯಿತು. ನಾನು ಫೋನ್ ಮಾಡಲಿಲ್ಲ. ಫೋನ್ ಮಾಡದೆ ಇರುವವರೆಗೆ ನನ್ನ ಮಗ ತಡವಾಗಿ ಮಾತಾಡುವ ಹುಡುಗ ಮಾತ್ರ. ಮಾಡಿದ ಮೇಲೆ ಏನಾಗುತ್ತಾನೋ ಯಾರಿಗೆ ಗೊತ್ತು?

ಅತ್ತೆಯ ಮುಂದೆ ಆಸ್ಪತ್ರೆಯ ಸುದ್ದಿ ಎತ್ತುವ ಹಾಗೂ ಇರಲಿಲ್ಲ.

"ಇವನಪ್ಪ ಬಾಯಿ ಬಿಟ್ಟಿದ್ದೇ ನಾಲ್ಕರ ಮೇಲೆ," ಎನ್ನುತ್ತಿದ್ದರು. "ಈಗ ನೋಡು, ಮಲಗಿದ್ರೂ ವಟಗುಟ್ತಾನೆ. ನನ್ನ ಮೊಮ್ಮಗನ ಹಣೆ ಮೇಲೆ ಯಾರೋ ಬಂದು ಚೀಟಿ ಅಂಟಿಸೋದು ಬೇಡ."

ನನ್ನ ಅತ್ತೆ ಬಾಂಗ್ ಮಲ್ಸುನ್. ಮಲ್ಸುನ್ ಎಂದರೆ, ಹೆಣ್ಣು ಇದೇ ಕೊನೆಯದಾಗಲಿ ಎಂದು ಹೆತ್ತವರು ಹಾರೈಸಿ ಇಟ್ಟ ಹೆಸರು. ಹಾರೈಕೆ ಫಲಿಸಲಿಲ್ಲ, ಅವರ ಬೆನ್ನಿಗೇ ಇನ್ನಿಬ್ಬರು ತಂಗಿಯರು ಹುಟ್ಟಿದರು. "ಹುಟ್ಟಿದ ದಿನದಿಂದ ನಾನು ಯಾರ ಮಾತೂ ನಡೆಸಿಕೊಟ್ಟಿಲ್ಲ," ಎಂದು ಅತ್ತೆ ಈಗಲೂ ಹೆಮ್ಮೆಯಿಂದ ಹೇಳುತ್ತಾರೆ.

ಮಾವ ಉಲ್ಸಾನ್‌ಗೆ ಹಡಗು ಕಟ್ಟುವ ಕೆಲಸಕ್ಕೆ ಹೋದವರು ಅಲ್ಲೇ ಇನ್ನೊಂದು ಸಂಸಾರ ಹೂಡಿದರು. ಆಗ ನನ್ನ ಗಂಡ ತೇಸಿಕ್ ಕೈಗೂಸು. ಮನೆತನದ ಹಿರಿಯರು ಕೂತು, ಸೊಸೆ ಮನೆಯೊಳಗೇ ಇರಲಿ, ಸುದ್ದಿ ತಣ್ಣಗಾಗಲಿ ಎಂದು ತೀರ್ಮಾನಿಸಿದರು. ಅತ್ತೆ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಹೋಗಿ ಮಾರುಕಟ್ಟೆಯ ಓಣಿಯಲ್ಲಿ ಕೆಸರುಮೀನಿನ ಸಾರಿನ ಅಂಗಡಿ ಇಟ್ಟರು. ಕೆಸರುಮೀನು ಎಂದರೆ ಗದ್ದೆಯ ಕೆಸರಿನಲ್ಲಿ ಬದುಕುವ, ಬೆರಳುದ್ದದ, ಲೋಳೆಲೋಳೆಯಾದ ಮೀಸೆಯ ಮೀನು. ನಮ್ವೊನ್‌ನ ಮಂದಿಗೆ ಅದರ ಸಾರಿಲ್ಲದೆ ಸುಗ್ಗಿಯಿಲ್ಲ. ಓಣಿಯ ಬೇರೆ ಅಂಗಡಿಗಳ ಹಲಗೆಯಲ್ಲಿ "ಅಜ್ಜಿ ಮನೆ", "ಸೇತುವೆ ಮನೆ" ಎಂದಿದ್ದರೆ ಅತ್ತೆಯ ಹಲಗೆಯಲ್ಲಿ ಬರೆದದ್ದು ಅವರದೇ ಪೂರ್ತಿ ಹೆಸರು.

"ಹೆಂಗಸಾದವಳು ತನ್ನ ಹೆಸರನ್ನ ಬೀದಿಗೆ ಹಾಕ್ತಾಳೇನಮ್ಮ?" ಎಂದು ಹಿರಿಯರೊಬ್ಬರು ಕೇಳಿದರಂತೆ.

"ನಿಮ್ಮ ಹುಡುಗ ನನ್ನನ್ನೇ ಬೀದಿಗೆ ಹಾಕಿದಾನೆ ದೊಡ್ಡಪ್ಪ. ಹೆಸರು ಯಾವ ಮಹಾ? ಕೂತ್ಕೊಳ್ಳಿ, ಸಾರು ಬಿಸಿಯಾಗಿದೆ."

ಅವರು ಕೂತರು. ಎರಡು ಬಟ್ಟಲು ಕುಡಿದೇ ಎದ್ದರು.

ಮಾವನ ತಂಗಿ ಓಕ್ಬುನ್ ಕೂಡ ಅದೇ ಅಂಗಡಿಯಲ್ಲಿ ದುಡಿದವರು. ಅಣ್ಣ ಬಿಟ್ಟುಹೋದ ಅತ್ತಿಗೆಯ ಪಕ್ಕ ತಂಗಿ ನಿಂತಳಲ್ಲ ಎಂದು ಊರು ಮೂಗಿನ ಮೇಲೆ ಬೆರಳಿಟ್ಟಿತು. ಅತ್ತಿಗೆ ನಾದಿನಿ ಇಬ್ಬರೂ ಜಗಳವಾಡುತ್ತಲೇ ದುಡಿದರು. ಜೀವಂತ ಮೀನನ್ನು ತೊಟ್ಟಿಗೆ ಸುರಿಯುವುದು, ಮೇಲೆ ಹಿಡಿ ಹಿಡಿಯಾಗಿ ಕಲ್ಲುಪ್ಪು ಎರಚುವುದು, ತಕ್ಷಣ ಮುಚ್ಚಳ ಹಾಕಿ ಎರಡೂ ಕೈಯಲ್ಲಿ ಒತ್ತಿ ಹಿಡಿಯುವುದು. ಒಳಗೆ ಅವು ಒಂದನ್ನೊಂದು ಉಜ್ಜಿಕೊಂಡು ಹೊರಳಾಡಿ ಲೋಳೆ ಕಳೆದುಕೊಂಡು ಸುಮ್ಮನಾಗುತ್ತವೆ. ಆಮೇಲೆ ಬೇಯಿಸಿ, ಅರೆದು, ಸೋಸಿ, ಒಣಗಿಸಿದ ಮೂಲಂಗಿ ಸೊಪ್ಪು ಹಾಕಿ ಕುದಿಸುವುದು. ಮುಚ್ಚಳ ಒತ್ತುವ ಕೆಲಸ ಯಾವಾಗಲೂ ಓಕ್ಬುನತ್ತೆಯದು.

ಮಂಡಿಚಿಪ್ಪು ಬದಲಾಯಿಸಿದ ಮೇಲೆ ಅತ್ತೆ ಅಂಗಡಿ ಮುಚ್ಚಿದರು. ಕೊನೆಯ ದಿನ ತೊಟ್ಟಿ ಬರಿದು ಮಾಡಲು ಹೋದರೆ ತಳದಲ್ಲಿ ಏಳು ಮೀನು ಉಳಿದಿದ್ದವು. ವಾರವೆಲ್ಲ ಜಾಲರಿಗೂ ಸಿಗದೆ, ಕೈಗೂ ಸಿಗದೆ ನುಣುಚಿಕೊಂಡಿದ್ದವು ಅವೇ. ಅತ್ತೆ ಅವನ್ನು ಕಿಮ್ಚಿ ಉಪ್ಪಿನಕಾಯಿಯ ಖಾಲಿ ಡಬ್ಬಿಯಲ್ಲಿ ಹಾಕಿಕೊಂಡು ಮನೆಗೆ ತಂದರು. ಮರುದಿನ ಯಾರೋ ಬಿಸಾಕಲು ಇಟ್ಟಿದ್ದ ಗಾಜಿನ ತೊಟ್ಟಿಯೂ ಮೂರನೇ ಮಹಡಿಯ ನಮ್ಮ ಮನೆಗೆ ಬಂತು.

"ಸಾರು ಮಾಡಲ್ವಾ?" ಎಂದು ತೇಸಿಕ್ ಕೇಳಿದರು.

"ಇಷ್ಟು ವರ್ಷದಲ್ಲಿ ನನ್ನ ಕೈ ತಪ್ಪಿಸಿಕೊಂಡವು ಇವು ಮಾತ್ರ ಕಣೋ. ಅಂಥವರಿಗೆ ಮರ್ಯಾದೆ ಕೊಡಬೇಕು."

ಮೀನಿಗೆ ಸ್ವಭಾವ ಇರುತ್ತದೆ ಎಂದು ಯಾರಾದರೂ ಮೊದಲು ಹೇಳಿದ್ದರೆ ನಾನು ನಗುತ್ತಿದ್ದೆ. ತಿಂಗಳೊಳಗೆ ಏಳಕ್ಕೂ ಏಳು ಬಗೆ ಎಂದು ಗೊತ್ತಾಯಿತು. ಎಲ್ಲರಿಗಿಂತ ದಪ್ಪಗಿನದು ಮಡಕೆಚೂರಿನ ಮೇಲೆ ಗದ್ದ ಊರಿಕೊಂಡು ಇತರರನ್ನು ನೋಡುತ್ತಿತ್ತು. ಅತ್ತೆ ಅದಕ್ಕೆ ಯಜಮಾನ ಎಂದು ಹೆಸರಿಟ್ಟರು. ಗಾಳಿ ನುಂಗಲು ಅದು ಸರ್ರನೆ ಮೇಲೇರಿ, ಒಂದು ಗುಟುಕು ತೆಗೆದುಕೊಂಡು ಕೆಳಗಿಳಿಯುವಾಗ ಹಿಂದಿನಿಂದ ಗುಳುಗುಳು ಗುಳ್ಳೆ ಬಿಡುತ್ತಿತ್ತು. "ನೋಡೋ, ಯಜಮಾನ್ರು ಹೂಸು ಬಿಟ್ರು!" ಎಂದು ಅತ್ತೆ ಕೂಗಿದರೆ ಹನ್ಸೋಲ್ ಬಿಕ್ಕಳಿಕೆ ಬರುವವರೆಗೆ ನಗುತ್ತಿದ್ದ. ಊಟದ ಕಾಳು ಬಿದ್ದ ಕೂಡಲೇ ಎಲ್ಲಿದ್ದರೂ ಪ್ರತ್ಯಕ್ಷವಾಗುವವನು ತೆರಿಗೆಯವನು. ನೀರಿಗೆ ಗಾಳಿ ಬಿಡುವ ಕೊಳವೆಗೆ ಒರಗಿ ಹೊಟ್ಟೆ ಮೇಲೆ ಮಾಡಿ ಮಲಗುವವನು ಕುಡುಕ. ಸತ್ತೇ ಹೋಗಿದೆ ಎಂದು ನಾನು ಎಷ್ಟು ಸಲ ಕಿರುಚಿದ್ದೇನೋ! ಒಂದರ ಮೇಲೊಂದು ಹೆಣೆದುಕೊಂಡೇ ನಿದ್ದೆ ಮಾಡುವ ಎರಡು ಅವಳಿಗಳು. ಮುಚ್ಚಳದ ಸಂದಿಯಿಂದ ಜಿಗಿದು ಒಮ್ಮೆ ತೇಸಿಕ್‌ರ ಚಪ್ಪಲಿಯೊಳಗೆ, ಇನ್ನೊಮ್ಮೆ ಸೋಫಾದಡಿಯ ದೂಳಿನಲ್ಲಿ ಸಿಕ್ಕಿದ್ದು ಊರು ಬಿಟ್ಟವಳು. ಮರಳಿನಲ್ಲಿ ಹೂತುಕೊಂಡು ಬರೀ ಕಣ್ಣು ಹೊರಗಿಟ್ಟು ಇಡೀ ದಿನ ದಿಗಿಲಿನಿಂದ ನೋಡುವವಳಿಗೆ ಅತ್ತೆ ಕೊಟ್ಟ ಹೆಸರು ಹೊಸ ಸೊಸೆ.

"ಯಾಕತ್ತೆ ಆ ಹೆಸರು?" ಎಂದೆ.

"ಸುಮ್ನೆ," ಎಂದರು ನನ್ನ ಮುಖ ನೋಡದೆ.

ಹನ್ಸೋಲ್ ಬೆರಳು ಅದ್ದಿದರೆ ಅವೆಲ್ಲ ಮೀಸೆಯಿಂದ ತಡವಿ ತಡವಿ ಬೆರಳ ತುದಿ ಚೀಪುತ್ತಿದ್ದವು. ಅವನು ನೆಲದ ಮೇಲೆ ಬಿದ್ದು ಅವುಗಳಂತೆ ನುಲಿಯುತ್ತಿದ್ದ, ಬಾಯಿ ತೆರೆದು ಗಾಳಿ ನುಂಗುತ್ತಿದ್ದ. ಇದೂ ನನಗೊಂದು ಚಿಂತೆ. ಮೀನಿನ ಜೊತೆಗಿದ್ದು ಮಗು ಮೀನೇ ಆಗಿಬಿಟ್ಟರೆ?

ಊರಿಗಂತೂ ಅತ್ತೆ ಮೀನು ಸಾಕಿದ್ದೇ ತಮಾಷೆ. ಹಳೆಯ ಗಿರಾಕಿಗಳು ದಾರಿಯಲ್ಲಿ ಸಿಕ್ಕಾಗ, "ಅಕ್ಕಾ, ಆ ಏಳರಲ್ಲಿ ಒಂದು ಬಟ್ಟಲಾದ್ರೂ ಆಗಲ್ವಾ?" ಎಂದು ರೇಗಿಸುತ್ತಿದ್ದರು. "ನಿನ್ನ ಹತ್ತು ಬೆರಳು ಕೊಡು, ಅದರಲ್ಲೂ ಒಂದು ಬಟ್ಟಲು ಮಾಡಿಕೊಡ್ತೀನಿ," ಎನ್ನುತ್ತಿದ್ದರು ಅತ್ತೆ.

ಓಕ್ಬುನತ್ತೆ ಮಾತ್ರ ನಗಲಿಲ್ಲ. ಅಂಗಡಿ ಮುಚ್ಚಿದ ಮೇಲೆ ಅವರು ಬೆಟ್ಟದ ಬುದ್ಧಮಂದಿರದ ಹೆಂಗಸರ ಕೂಟಕ್ಕೆ ಸೇರಿದ್ದರು. ಮಾರುಕಟ್ಟೆಯಿಂದ ಜೀವಂತ ಮೀನು ಕೊಂಡು, ಮಂತ್ರ ಹೇಳಿ ಹೊಳೆಗೆ ಬಿಟ್ಟು ಪುಣ್ಯ ಕಟ್ಟಿಕೊಳ್ಳುವ ಕೂಟ ಅದು. ಒಂದು ದಿನ ನಮ್ಮ ಮನೆಯ ನೆಲದ ಮೇಲೆ ಕೂತು ಗೆಣಸಿನ ಸಿಪ್ಪೆ ಸುಲಿಯುತ್ತಾ ಹೇಳಿದರು:

"ಅತ್ತಿಗೆ, ಕೋಪ ಮಾಡ್ಕೋಬೇಡ. ನಾವು ಎಷ್ಟು ಸಾವಿರ ಬಾಯಿಗೆ ಉಪ್ಪು ಹಾಕಿದೀವಿ ಹೇಳು. ಅದು ಸುಮ್ನೆ ಹೋಗತ್ತಾ? ಮೊಮ್ಮಗನ ಬಾಯಿ ಕಟ್ಟಿದೆ. ಕೂಟದವರೆಲ್ಲ ಅದನ್ನೇ ಅಂತಾರೆ. ಈ ಏಳನ್ನ ಹೊಳೆಗೆ ಬಿಡೋಣ. ಅವುಕ್ಕೆ ದಾರಿ ಬಿಟ್ರೆ ಮಗೂಗೂ ದಾರಿ ಸಿಗತ್ತೆ."

ಅತ್ತೆ ಚಾಕುವನ್ನು ಕೆಳಗಿಟ್ಟರು.

"ನಾನು ಉಪ್ಪು ಹಾಕಿದೆ, ನೀನು ಮುಚ್ಚಳ ಒತ್ತಿದೆ, ಇಡೀ ಊರು ಕೂತು ಕುಡೀತು. ಹಂಗಾದ್ರೆ ಈ ಊರಿನ ಮಕ್ಕಳೆಲ್ಲ ಮೂಕರಾಗಬೇಕಿತ್ತು. ಅದು ಬಿಡು, ದಿನಾ ಎರಡು ಬಟ್ಟಲು ಕುಡೀತಿದ್ದವಳು ನೀನು. ನಿನ್ನ ಬಾಯಿ ಯಾಕೆ ಇನ್ನೂ ಮುಚ್ಚಿಲ್ಲ?"

"ನನಗೆ ಬೇಕಾದ್ದು ಅನ್ನು. ಮಗು ಮುಖ ನೋಡಿ ಹೇಳ್ದೆ."

"ಮಗು ಮುಖ ನೋಡಿದ್ಯಾ? ನೆಟ್ಟಗೆ ನೋಡು. ಅದರಲ್ಲಿ ಪಾಪ ಎಲ್ಲಿ ಕಾಣ್ತು ನಿನಗೆ? ಈ ಮೀನುಗಳು ಹೊಳೆಗಿಳಿದ್ರೆ ಮೊದಲನೇ ಬೆಳ್ಳಕ್ಕಿಗೆ ತಿಂಡಿ. ನಿಮ್ಮ ಕೂಟಕ್ಕೆ ಪುಣ್ಯ, ಬೆಳ್ಳಕ್ಕಿಗೆ ಊಟ. ನನ್ನ ಮನೆಯಿಂದ ಒಂದು ಮೀನೂ ಹೊರಡಲ್ಲ. ನನ್ನ ಮೊಮ್ಮಗನನ್ನ ಯಾವ ಡಾಕ್ಟರ ಹತ್ರಕ್ಕೂ ಒಯ್ಯಲ್ಲ. ಒಯ್ದರೆ, ಬಾಯಿ ಕಟ್ಟಿದೆ ಅಂತ ನಾವೇ ಒಪ್ಪಿಕೊಂಡ ಹಾಗೆ. ಹೋಗಿ ಹೇಳು ನಿಮ್ಮ ಕೂಟಕ್ಕೆ."

ಅತ್ತೆಯ ಧೈರ್ಯ ಕಂಡು ನನಗೆ ಹೆಮ್ಮೆಯೂ ಆಯಿತು, ಆಸ್ಪತ್ರೆಯ ದಾರಿಯೂ ಮುಚ್ಚಿತಲ್ಲ ಎಂದು ದಿಗಿಲೂ ಆಯಿತು. ವಿಶ್ವವಿದ್ಯಾಲಯದಲ್ಲಿ ಓದಿದ ನಾನು ಅಂದಿನಿಂದ ತೊಟ್ಟಿಯ ಮುಂದೆ ನಿಂತಾಗಲೆಲ್ಲ, ಇವನ್ನು ಡಬ್ಬಿಯಲ್ಲಿ ಹಾಕಿ ಸದ್ದಿಲ್ಲದೆ ಹೊಳೆಗೆ ಬಿಟ್ಟು ಬಂದರೆ ನಷ್ಟವೇನು ಎಂದು ಯೋಚಿಸುತ್ತಿದ್ದೆ. ಯೊಚೊನ್ ಹೊಳೆ ಮನೆಯಿಂದ ನಡೆಯುವ ದೂರ. ಹೊಳೆಗೆ ಹೋಗುವುದು ಫೋನ್ ಮಾಡುವುದಕ್ಕಿಂತ ಸುಲಭ.

ಮುಂದಿನ ಗುರುವಾರ ಹನ್ಸೋಲ್‌ಗೆ ನೆಗಡಿ. ಶಿಶುವಿಹಾರಕ್ಕೆ ಕಳಿಸಲಿಲ್ಲ. ಅತ್ತೆ ಬೆಳಿಗ್ಗೆಯೇ ತೊಟ್ಟಿ ತೊಳೆಯಲು ಕೂತರು. ಏಳು ಮೀನನ್ನೂ ಸ್ವಲ್ಪವೇ ನೀರಿದ್ದ, ಅಂಗಡಿಯ ಹಳೆಯ ಕೆಂಪು ರಬ್ಬರ್ ಬೋಗುಣಿಗೆ ಹಾಕಿ, ಜರಡಿ ಮುಚ್ಚಿ, ಹಿಂದಿನ ಬಾಲ್ಕನಿಯಲ್ಲಿ ಇಟ್ಟರು. ಚಳಿಗಾಲಕ್ಕೆ ಕೋಸು ಉಪ್ಪಿನಲ್ಲಿ ನೆನೆಸಿ ಕಿಮ್ಚಿ ಹಾಕುವ ಕಾಲ ಹತ್ತಿರವಾದ್ದರಿಂದ ಪಕ್ಕದಲ್ಲೇ ಕಲ್ಲುಪ್ಪಿನ ಚೀಲವೂ ಇತ್ತು. ಗಾಜಿನ ತೊಟ್ಟಿ ಹೊತ್ತು ಅತ್ತೆ ಬಚ್ಚಲಿಗೆ ಹೋದರು; ನಲ್ಲಿ ಜೋರಾಗಿ ಬಿಟ್ಟ ಸದ್ದು. ಹನ್ಸೋಲ್ ಬೋಗುಣಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ನಾನು ಮುಂದಿನ ಕೋಣೆಯಲ್ಲಿ ಬಟ್ಟೆ ಮಡಿಸುತ್ತಾ, ನಡುನಡುವೆ ಫೋನಿನಲ್ಲಿ ಮಾತು ತಡವಾದ ಮಕ್ಕಳ ಬಗ್ಗೆ ಇತರ ತಾಯಂದಿರು ಬರೆದದ್ದನ್ನು ಓದುತ್ತಿದ್ದೆ.

ಓಕ್ಬುನತ್ತೆ ಬಂದರು. ಜಗಳವಾದ ಮೇಲೆ ಬರಿಗೈಲಿ ಬರುವ ಜಾತಿಯಲ್ಲ ಅವರು. ಒಂದು ಚೀಲ ಮೂಲಂಗಿ ತಂದಿದ್ದರು. "ಹಿಂದೆ ಇಟ್ಟು ಬರ್ತೀನಿ," ಎಂದು ನನ್ನನ್ನು ದಾಟಿ ಬಾಲ್ಕನಿಗೆ ಹೋದರು. ನಾನು "ಹೂಂ" ಎಂದೆ, ತಲೆಯೆತ್ತಲಿಲ್ಲ.

ಸ್ವಲ್ಪ ಹೊತ್ತಿಗೆ ಹನ್ಸೋಲ್ ಬಂದು ನನ್ನ ತೋಳು ಜಗ್ಗಿದ.

"ಇರು ಕಂದ, ಇದೊಂದು ಅಂಗಿ."

ಮತ್ತೆ ಜಗ್ಗಿದ. "ಉಂ! ಉಂ!" ನಾನು ನೋಡಿದೆ. ಅವನು ಅಂಗೈಯಿಂದ ನೆಲವನ್ನು ಪಟಪಟ ಬಡಿದ. ಆಮೇಲೆ ದೊಪ್ಪನೆ ಬಿದ್ದು ಇಡೀ ಮೈ ನುಲಿಸಿ ನುಲಿಸಿ ಒದ್ದಾಡಿದ, ಬಾಯಿ ಅಗಲಿಸಿ ಮುಚ್ಚಿ ಅಗಲಿಸಿ.

"ಮೀನಾದ್ಯಾ? ಯಾರು, ಯಜಮಾನ್ರಾ?" ಎಂದು ನಾನು ನಕ್ಕೆ. ಗಂಡನಿಗೆ ತೋರಿಸೋಣ ಎಂದು ಅವನ ವಿಡಿಯೋ ಮಾಡಲು ಫೋನನ್ನೂ ಎತ್ತಿದೆ.

ಹನ್ಸೋಲ್ ಎದ್ದು ನಿಂತು ನನ್ನನ್ನು ನೋಡಿದ. ಮೂರು ವರ್ಷದ ಮಗುವಿನ ಮುಖದಲ್ಲಿ ಅಂಥ ಹತಾಶೆ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ನನ್ನ ಕೈ ಹಿಡಿದು ಹಲ್ಲು ಊರಿ ಕಚ್ಚಿದ.

ಆ ನೋವಿಗೆ ಫೋನ್ ಬಿತ್ತು. ಆಗ ಹಿಂದಿನಿಂದ ಬರುತ್ತಿದ್ದ ಸದ್ದು ಕಿವಿಗೆ ಬಿತ್ತು. ದಪದಪ, ದಪದಪ, ಒಳಗಿನಿಂದ ಏನೋ ಮುಚ್ಚಳ ಬಡಿಯುತ್ತಿತ್ತು.

ಓಡಿದೆ. ಓಕ್ಬುನತ್ತೆ ತೋಳೇರಿಸಿ ಕೂತು ಜರಡಿಯ ಮೇಲೆ ಎರಡೂ ಕೈ ಒತ್ತಿ ಹಿಡಿದಿದ್ದರು. ಕೆಲಸ ಚೆನ್ನಾಗಿ ಸಾಗಿದಾಗಿನ ಮುಖ. "ಬಂದ್ಯಾ? ಸುಗ್ಗಿ ಮೀನು ಕೊಂಡಿದಾಳಲ್ಲ ಅತ್ತಿಗೆ, ಹೇಳಲೇ ಇಲ್ಲ! ದೊಡ್ಡ ಪಾತ್ರೆ ತಾ."

ಬಚ್ಚಲಿನ ನಲ್ಲಿ ನಿಂತಿತು. ಆ ಸದ್ದು ಏನೆಂದು ಅತ್ತೆಗೆ ಯಾರೂ ಹೇಳಬೇಕಾಗಿರಲಿಲ್ಲ. ಹೊಸ ಮಂಡಿಯನ್ನೂ ಲೆಕ್ಕಿಸದೆ ಒದ್ದೆ ಕಾಲಿನಲ್ಲಿ ಓಡಿಬಂದು ನಾದಿನಿಯನ್ನು ಪಕ್ಕಕ್ಕೆ ನೂಕಿ, ಜರಡಿ ಕಿತ್ತೆಸೆದು, ತೊಟ್ಟಿಗೆಂದು ತುಂಬಿಟ್ಟಿದ್ದ ನೀರನ್ನು ಬೋಗುಣಿಗೆ ಸುರಿದರು, ಚೆಲ್ಲಿದರು, ಮತ್ತೆ ಸುರಿದರು. ಬಿಳಿ ನೊರೆ ಬಾಲ್ಕನಿಯ ತುಂಬ ಹರಿಯಿತು. ನಾನು ಮಂಡಿಯೂರಿ ಒಂದೊಂದನ್ನೇ ಹಿಡಿದು ಹೊಸ ನೀರಿಗೆ ಹಾಕಿದೆ. ಅವು ಕೈ ತಪ್ಪಿಸಿಕೊಳ್ಳಲಿಲ್ಲ.

ನಾಲ್ಕು ಉಸಿರಾಡಿದವು. ಯಜಮಾನ, ಕುಡುಕ, ಅವಳಿಗಳಲ್ಲಿ ಒಂದು, ಈ ಮೂರು ಅಲುಗಲಿಲ್ಲ. ಕುಡುಕ ಸುಮ್ಮನೆ ಮಲಗಿದ್ದಾನೇನೋ ಎಂದು ಹನ್ಸೋಲ್ ಬೆರಳಿಂದ ಒತ್ತಿ ಒತ್ತಿ ನೋಡಿದ.

ಓಕ್ಬುನತ್ತೆ ಗೋಡೆಗೊರಗಿ ಕೂತಿದ್ದರು. ಅಂಗೈಗೆ ಅಂಟಿದ್ದ ಉಪ್ಪನ್ನು ನೋಡುತ್ತಿದ್ದರು. "ತೊಟ್ಟಿಯವು ಅಂತ ಗೊತ್ತಾಗಲಿಲ್ಲ ಅತ್ತಿಗೆ. ಕೆಂಪು ಬೋಗುಣಿ, ಪಕ್ಕದಲ್ಲಿ ಉಪ್ಪು. ಕೈ ತಾನಾಗೇ ಮಾಡಿಬಿಡ್ತು."

"ಗೊತ್ತು," ಎಂದರು ಅತ್ತೆ. "ಆ ಕೈಗೆ ಕಲಿಸಿದವಳು ನಾನೇ."

"ಹೊಳೆಗೆ ಬಿಡೋಣ ಅಂದವಳ ಕೈಯಿಂದಲೇ ಹೀಗಾಯ್ತಲ್ಲ. ಇನ್ನು ಮಗೂಗೆ ಏನು ಕಾದಿದೆಯೋ..."

"ಓಕ್ಬುನ್! ಸತ್ತಿದ್ದು ಮೀನು. ಬೇಜಾರಾಗಿದೆ, ಅಳೋದಾದ್ರೆ ಅಳು. ಆದರೆ ಇದನ್ನ ನನ್ನ ಮೊಮ್ಮಗನ ತಲೆಗೆ ಕಟ್ಟಬೇಡ. ಅವನು ಯಾರ ಉಪ್ಪಿನ ಋಣಾನೂ ಹೊತ್ತು ಹುಟ್ಟಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ನೀನು ಹೇಗೆ ಬಂದೆ? ಅಲ್ಲಿಗೆ ಸದ್ದು ಕೇಳ್ತಾ?"

"ಹನ್ಸೋಲ್ ಹೇಳಿದ ಅತ್ತೆ."

ಇಬ್ಬರೂ ನನ್ನನ್ನೇ ನೋಡಿದರು.

"ಮಾತಾಡಿದ್ನಾ?" ಎಂದರು ಓಕ್ಬುನತ್ತೆ ಅರೆದನಿಯಲ್ಲಿ.

"ಇಲ್ಲ. ನೆಲ ಬಡಿದು ಹೇಳಿದ. ಬಿದ್ದು ಹೊರಳಾಡಿ ಹೇಳಿದ. ಮೊದಲಿಂದ ಕೊನೇವರೆಗೂ ಎಲ್ಲಾ ಹೇಳಿದ." ನನ್ನ ದನಿ ಏರುತ್ತಿತ್ತು, ತಡೆಯಲಾಗಲಿಲ್ಲ. "ನಾನು ಆಟ ಅಂದ್ಕೊಂಡು ನಕ್ಕೆ ಅತ್ತೆ. ವಿಡಿಯೋ ಮಾಡೋಕೆ ಹೋದೆ. ಉಪ್ಪು ಅಂತ ಒಂದೇ ಒಂದು ಮಾತು ಅವನಿಗೆ ಬಂದಿದ್ರೆ ಯಜಮಾನ ಬದುಕಿರ್ತಿದ್ದ."

ಅತ್ತೆ ಸತ್ತ ಯಜಮಾನನನ್ನು ಅಂಗೈಗೆ ಎತ್ತಿಕೊಂಡು ಹನ್ಸೋಲ್‌ನನ್ನೇ ನೋಡಿದರು.

ನಾನು ಮುಂದಿನ ಕೋಣೆಗೆ ಬಂದು ನೆಲದ ಮೇಲೆ ಬಿದ್ದಿದ್ದ ಫೋನ್ ಎತ್ತಿಕೊಂಡೆ. ಕೈಯಲ್ಲಿ ಹಲ್ಲಿನ ಗುರುತು ಕೆಂಪಗೆ ಸಾಲಾಗಿ ಮೂಡಿತ್ತು. ಇಷ್ಟು ದಿನ ಇವನಲ್ಲಿ ಏನು ಕಡಿಮೆ ಎಂದು ಹುಡುಕಿ ಸೊರಗಿದ್ದೆ. ಇವನೊಳಗೆ ಏನೂ ಕಡಿಮೆಯಿಲ್ಲ, ತುಂಬಿ ತುಳುಕುತ್ತಿದೆ; ಹೊರಗೆ ಬರಲು ಬಾಗಿಲಿಲ್ಲ, ಅಷ್ಟೇ. ಬಾಗಿಲು ಮಾಡಿಕೊಡುವವರು ಇದ್ದರೆ ಅವರನ್ನು ಕರೆಯಲು ನನಗೇಕೆ ನಾಚಿಕೆ? ಕೂಟ ಏನಾದರೂ ಅನ್ನಲಿ. ಅತ್ತೆ ಸಿಟ್ಟಾಗಲಿ.

ಅತ್ತೆ ಒದ್ದೆಯಾದ ಅಂಗಿಯ ಅಂಚು ಹಿಂಡುತ್ತಾ ಬಾಗಿಲಲ್ಲಿ ಬಂದು ನಿಂತರು. "ಯಾರಿಗೆ?"

"ಜೊಂಜು ಆಸ್ಪತ್ರೆಗೆ."

"ನಾನು ಬೇಡ ಅಂದಿದ್ದೆ."

"ಹೌದು ಅತ್ತೆ. ನೀವೂ ಯಾರ ಮಾತೂ ನಡೆಸಿಕೊಟ್ಟವರಲ್ಲವಲ್ಲ."

ಅವರ ಹುಬ್ಬು ಗಂಟಿಕ್ಕಿತು. ಅವರ ಹಿಂದೆ ಓಕ್ಬುನತ್ತೆಯೂ ಬಂದು ನಿಂತಿದ್ದರು. ಇನ್ನು ಸಂಜೆಯೊಳಗೆ ಇಡೀ ಮಾರುಕಟ್ಟೆಗೆ ಸುದ್ದಿ. ನಂಬರ್ ಹುಡುಕಿದೆ. ಒತ್ತಿದೆ. ಎರಡು ಸಲ ರಿಂಗಾಗಿ ಹೆಂಗಸೊಬ್ಬಳ ದನಿ ಬಂತು. ಮಗುವಿನ ಹೆಸರು ಕೇಳಿದಳು, ವಯಸ್ಸು ಕೇಳಿದಳು. ಏನು ತೊಂದರೆ ಎಂದಳು. ಅಭ್ಯಾಸಬಲದಿಂದ ನಾನು ಫೋನಿಗೆ ಕೈ ಅಡ್ಡ ಹಿಡಿದು ದನಿ ತಗ್ಗಿಸಿದೆ.

"ಏ ಹುಡುಗಿ!" ಅತ್ತೆ ಗದರಿದರು. "ಪಿಸುಗುಟ್ಟಬೇಡ. ನಾವೇನು ಕದ್ದಿದೀವಾ? ಗಟ್ಟಿಯಾಗಿ ಹೇಳು."

ನಾನು ಕೈ ತೆಗೆದೆ.

"ನನ್ನ ಮಗ ಹನ್ಸೋಲ್, ಮೂರು ವರ್ಷ," ಎಂದೆ, ಓಕ್ಬುನತ್ತೆಗೂ ಕೇಳುವಂತೆ, ಪಕ್ಕದ ಮನೆಗೂ ಕೇಳುವಂತೆ. "ಅವನಿಗೆ ಇನ್ನೂ ಮಾತು ಬಂದಿಲ್ಲ. ಹೇಳೋದು ಮಾತ್ರ ಬೇಕಾದಷ್ಟಿದೆ. ಮೊದಲು ಯಾವ ದಿನ ಖಾಲಿ ಇದೆ, ಆ ದಿನ ಕೊಡಿ. ನಾವು ಬರ್ತೀವಿ."